ಬಿರುಕಿನ ಒಡತಿ

ಆ ಊರಿನಲ್ಲಿ ಯಾವ ಬಾಗಿಲಿಗೂ ಬೀಗ ಇರಲಿಲ್ಲ. ಬಾಗಿಲುಗಳು ಮಾತು ಕೇಳುತ್ತಿದ್ದವು. ಕೋಟೆಯ ಹೆಬ್ಬಾಗಿಲು, ಕಣಜದ ಬಾಗಿಲು, ಮನೆಮನೆಯ ಬಾಗಿಲು, ಊರಿನ ನೆತ್ತಿಯ ಮೇಲಿದ್ದ ಕೆರೆಯ ತೂಬು, ಎಲ್ಲವೂ ಒಂದೇ ಹಾಡಿಗೆ ನಡೆದುಕೊಳ್ಳುತ್ತಿದ್ದವು. ಆ ಹಾಡನ್ನು ಊರಪದ ಎನ್ನುತ್ತಿದ್ದರು. ಕಟ್ಟುವವರು ಅದನ್ನು ಕಟ್ಟಿದರು, ಹಾಡುವವರು ದಿನಾ ಬೆಳಿಗ್ಗೆ ಹೆಬ್ಬಾಗಿಲ ಮುಂದೆ ನಿಂತು ಹಾಡಿದರು, ಹಾಡು ಹೇಳಿದ ಹಾಗೆ ಊರು ನಡೆಯಿತು. ಅಜ್ಜಂದಿರು ಕಟ್ಟಿದ ಸಾಲಿನ ಮೇಲೆ ಮೊಮ್ಮಕ್ಕಳು ಸಾಲು ಹೊಸೆದರು. ಹಾಡಿನ ಬುಡ ಯಾವುದು ತುದಿ ಯಾವುದು ಎಂದು ಬಲ್ಲವರು ಒಬ್ಬೊಬ್ಬರಾಗಿ ಮಣ್ಣಿಗೆ ಹೋದರು. ಹಾಡು ಮಾತ್ರ ನಿಲ್ಲಲಿಲ್ಲ.

ಹಾಡನ್ನು ಸೋಸುವವರು ಬೇರೆ ಇದ್ದರು. ಅಕ್ಕಿಯಲ್ಲಿ ಕಲ್ಲು ಹುಡುಕಿದ ಹಾಗೆ ಮಾತಿನಲ್ಲಿ ಬಿರುಕು ಹುಡುಕುವುದು ಅವರ ಕಸುಬು. ಒಂದೊಂದು ಸಾಲನ್ನೂ ಮೂರು ನಾಲಿಗೆಯಲ್ಲಿ ಹೇಳಿ ನೋಡಬೇಕೆಂದು ಕಟ್ಟಳೆ. ಮೊದಲು ಸಾಧುವಿನ ನಾಲಿಗೆ, ಆಮೇಲೆ ದಡ್ಡನ ನಾಲಿಗೆ, ಕೊನೆಗೆ ಕಳ್ಳನ ನಾಲಿಗೆ. ಮೂರರಲ್ಲೂ ಬಾಗಿಲು ತನ್ನ ಕೆಲಸ ತಾನು ಮಾಡಿದರೆ ಸಾಲು ಹಸನು.

ಆದರೆ ಆ ಊರಿನಲ್ಲಿ ಇನ್ನೊಂದು ಕಟ್ಟಳೆಯೂ ಇತ್ತು. ಬಿರುಕು ಕಂಡವರೇ ಬಿರುಕಿಗೆ ಒಡೆಯರು. ಹಿಂದೆ ಯಾವನೋ ಸೋಸುಗಾರ ತಾನು ಕಂಡ ಬಿರುಕಿನಲ್ಲಿ ತಾನೇ ನುಗ್ಗಿ ಕಣಜ ದೋಚಿದ್ದನಂತೆ. ಅಂದಿನಿಂದ ಬಿರುಕು ಕಂಡೆ ಎಂದು ಬಾಯಿ ಬಿಟ್ಟವರ ಮನೆಯ ಬಾಗಿಲನ್ನು ಊರಿನವರು ಕಿತ್ತುಕೊಂಡು ಹೋಗುತ್ತಿದ್ದರು. ಬಾಗಿಲಿಲ್ಲದವರ ಮಾತಿಗೆ ಯಾರೂ ಉತ್ತರ ಕೊಡುವಂತಿರಲಿಲ್ಲ. ಅವರು ಕರೆದರೆ ತಿರುಗುವಂತಿರಲಿಲ್ಲ. ಹೀಗಾಗಿ ಸೋಸುವವರು ಬರಬರುತ್ತ ಸಾಧುವಿನ ನಾಲಿಗೆಯಲ್ಲಿ ಒಂದು ಸಲ ಗುನುಗಿ, ಹಸನು ಎಂದು ಹೇಳಿ, ಎಲೆ ಅಡಿಕೆ ಹಾಕಿಕೊಂಡು ಮನೆಗೆ ಹೋಗುವುದನ್ನು ಕಲಿತರು.

ಒಬ್ಬಳು ಕಲಿಯಲಿಲ್ಲ.

ಆ ಸೋಸುಗಾರ್ತಿಗೆ ಹುಟ್ಟಿನಿಂದಲೇ ಕೋಪ. ಸುಮ್ಮನೆ ಕೂತಾಗಲೂ ಹೊಟ್ಟೆಯಲ್ಲಿ ಒಂದು ಒಲೆ ಉರಿಯುತ್ತಿತ್ತು ಅವಳಿಗೆ. ಅರ್ಧ ಮಾಡಿದ ಕೆಲಸ ಕಂಡರೆ ಆ ಒಲೆಗೆ ಯಾರೋ ಕಟ್ಟಿಗೆ ತುರುಕಿದಂತಾಗುತ್ತಿತ್ತು. ಗಂಡುಬೀರಿ ಅಂದರು ಕೆಲವರು. ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಒಂದೊಂದು ಸಾಲನ್ನೂ ಮೂರು ನಾಲಿಗೆಯಲ್ಲಿ ಹೇಳಿದಳು. ಹೇಳುತ್ತ ಹೇಳುತ್ತ ಹಾಡಿನ ತಳಕ್ಕೆ ಇಳಿದಳು. ಅಲ್ಲಿ ಎಲ್ಲ ಬಾಗಿಲುಗಳಿಗೂ ತಾಯಿಯಂಥ ಒಂದು ಹಳೆಯ ಸಾಲು ಸಿಕ್ಕಿತು.

ಬಂದವರ ಹೆಸರು ಕೇಳು, ಹೆಸರು ಹಾಡಿನೊಳಗೆ ಸೇರಲಿ, ಹಾಡು ಹೇಳಿದಂತೆ ನಡೆ.

ಸಾಧುವಿನ ನಾಲಿಗೆಯಲ್ಲಿ ಹೇಳಿದಳು. ಆ ಊರಿನಲ್ಲಿ ಹುಟ್ಟಿದವರಿಗೆಲ್ಲ ಹೂವಿನ ಹೆಸರು, ಕಾಳಿನ ಹೆಸರು, ಹಕ್ಕಿಯ ಹೆಸರು. ಹೂವು ಕಾಳು ಹಕ್ಕಿ ಹಾಡಿನೊಳಗೆ ಸೇರಿದರೆ ಏನೂ ಕೆಡುವುದಿಲ್ಲ. ದಡ್ಡನ ನಾಲಿಗೆಯಲ್ಲಿ ತೊದಲಿದಳು. ಆಗಲೂ ಏನೂ ಕೆಡಲಿಲ್ಲ. ಕಳ್ಳನ ನಾಲಿಗೆಯಲ್ಲಿ ಹೇಳಲು ಬಾಯಿ ತೆರೆದವಳು ಅರ್ಧಕ್ಕೇ ತಡೆದಳು. ಎದ್ದು ನೇರ ಕಣಜಕ್ಕೆ ಹೋದಳು.

ಕಣಜದ ಬಾಗಿಲು ಕಣಜದವನ ಹೆಸರಿಗಲ್ಲದೆ ಇನ್ನಾರಿಗೂ ತೆರೆಯುವುದಿಲ್ಲ ಎಂಬುದು ಊರಿನ ನಂಬಿಕೆ. ಅವಳು ಮುಂದೆ ನಿಂತ ಕೂಡಲೇ ಬಾಗಿಲು ಎಂದಿನ ದನಿಯಲ್ಲಿ ಕೇಳಿತು.

"ಯಾರು ನೀನು?"

"ತೆರೆ," ಅಂದಳು ಸೋಸುಗಾರ್ತಿ. "ನನ್ನ ಹೆಸರು ತೆರೆ."

ಹೆಸರು ಹಾಡಿನೊಳಗೆ ಸೇರಿತು. ಹಾಡು ತೆರೆ ಅಂದಿತು. ಬಾಗಿಲು ತೆರೆಯಿತು. ಊರಿನ ಒಂದು ವರ್ಷದ ರಾಗಿ ಅವಳ ಮುಂದೆ, ಒಳಗೆ ನುಗ್ಗಿದ ಬಿಸಿಲಿನಲ್ಲಿ ಬಿದ್ದಿತ್ತು. ಅವಳು ಒಂದು ಕಾಳೂ ಮುಟ್ಟಲಿಲ್ಲ. "ನನ್ನ ಹೆಸರು ಮುಚ್ಚು," ಎಂದು ಹೇಳಿ ಮುಚ್ಚಿಸಿ, ಗೋಡೆಗೆ ಕೈಯೂರಿ ನಿಂತಳು. ಮೊದಲು ಹೆದರಿಕೆಯಾಯಿತು. ಆಮೇಲೆ ಸಿಟ್ಟು ಬಂತು. ಇದು ಇವತ್ತು ಬಿದ್ದ ಬಿರುಕಲ್ಲ. ಅವಳ ಮುತ್ತಜ್ಜಿ ಹುಟ್ಟುವ ಮೊದಲೇ ಬಿದ್ದದ್ದು. ಅಲ್ಲಿಂದ ಇಲ್ಲಿಯವರೆಗೆ ಎಷ್ಟು ಜನ ಸೋಸುವವರು ಈ ಸಾಲಿನ ಮೇಲೆ ಹಾದು ಹೋಗಿ ಹಸನು ಅಂದಿದ್ದರು?

ಊರಿನ ತಗ್ಗಿನ ಕೇರಿಯಲ್ಲಿ ಅವಳಿಗೆ ಕಸುಬು ಕಲಿಸಿದ ಹಿರಿಯ ಸೋಸುಗಾರನ ಮನೆ. ತಗ್ಗಿನ ಕೇರಿ ಕೆರೆಯ ಏರಿಯ ಬುಡದಲ್ಲೇ ಇತ್ತು. ಕುಂಬಾರರು, ಅಗಸರು, ಗಾಣದವರು ಅಲ್ಲಿದ್ದರು. ಅವಳು ಹೋದಾಗ ಆತ ತನ್ನ ಬಾಗಿಲಿಗೆ ಎಣ್ಣೆ ಸವರುತ್ತಿದ್ದ. ಊರಿನಲ್ಲಿ ಅಷ್ಟು ಹೊಳೆಯುವ ಬಾಗಿಲು ಇನ್ನೊಂದಿರಲಿಲ್ಲ.

"ಅಯ್ಯಾ, ತಾಯಿಸಾಲಿನಲ್ಲಿ ಬಿರುಕಿದೆ," ಅಂದಳು.

ಮುದುಕನ ಕೈ ನಿಲ್ಲಲಿಲ್ಲ. ಎಣ್ಣೆಬಟ್ಟೆ ಬಾಗಿಲ ಮೇಲೆ ಹೋಗಿ ಬಂದು ಹೋಗಿ ಬಂದು ಮಾಡುತ್ತಲೇ ಇತ್ತು.

"ಹೆಸರಿನದ್ದಾ?" ಅಂದ.

ಅವಳು ಎರಡು ಹೆಜ್ಜೆ ಹತ್ತಿರ ಬಂದಳು.

"ನಿಂಗೆ ಇವತ್ತು ಕಂಡಿದೆ ಮಗಳೇ. ನಂಗೆ ನಿನ್ನ ವಯಸ್ಸಿನಲ್ಲೇ ಕಂಡಿತ್ತು."

"ಕಂಡೂ ಸುಮ್ಮನಿದ್ರಾ?"

"ಹೆಂಡತಿ ಬಸುರಿ. ಮಳೆಗಾಲ. ಬಾಗಿಲು ಕಿತ್ತುಕೊಂಡು ಹೋದ್ರೆ ಎಲ್ಲಿಗೆ ಹೋಗಲಿ? ಈ ವರ್ಷ ಕಳೀಲಿ ಅಂದ್ಕೊಂಡೆ. ಆಮೇಲೆ ಇನ್ನೊಂದು ವರ್ಷ. ಏನೂ ಆಗಲಿಲ್ಲ ನೋಡು. ಕಂಡದ್ದನ್ನ ಕಾಣದ ಹಾಗೆ ಇರೋದೂ ಒಂದು ವಿದ್ಯೆ."

"ಅದು ವಿದ್ಯೆ ಅಲ್ಲ ಅಯ್ಯಾ. ಕಳ್ಳತನ."

"ನಾನು ಯಾರ ಮನೇದು ಏನು ಕದ್ದಿದ್ದೀನಿ?"

"ಈ ಕೇರಿಯವರಿಗೆ ಗೊತ್ತಾಗಬೇಕಾಗಿದ್ದದ್ದನ್ನ ಕದ್ದಿದ್ದೀರಿ. ತೂಬು ಕೂಡ ಇದೇ ಸಾಲಿಗೆ ನಡೆಯೋದು. ನಿಮ್ಮ ತಲೆ ಮೇಲೇ ಕೆರೆ ಇದೆ. ಅದರ ಕೆಳಗೆ ಮಲಗಿ ಹೇಗೆ ನಿದ್ದೆ ಬಂತು ನಿಮಗೆ?"

ಆತ ಮೊದಲ ಸಲ ಅವಳ ಮುಖ ನೋಡಿದ. ಆ ಕಣ್ಣಿನಲ್ಲಿ ನಾಚಿಕೆಯಿದ್ದಿದ್ದರೆ ಅವಳು ಕ್ಷಮಿಸುತ್ತಿದ್ದಳೇನೋ. ಅಲ್ಲಿ ಕನಿಕರ ಇತ್ತು, ಅವಳ ಮೇಲೆಯೇ. "ಬಾಗಿಲು ಹೋದ ಮೇಲೆ ಬಾ," ಅಂದ. "ಊಟಕ್ಕೆ ಕರೆಯೋಕಾಗಲ್ಲ, ಕಟ್ಟಳೆ. ಹಿತ್ತಲಲ್ಲಿ ಒಂದು ತಟ್ಟೆ ಇಟ್ಟಿರ್ತೀನಿ." ಅವಳು ಹಿಂತಿರುಗಿ ನೋಡದೆ ಚಾವಡಿಯ ದಾರಿ ಹಿಡಿದಳು.

ಚಾವಡಿಯ ಜಗುಲಿಯ ಮೇಲೆ ಹಿರೀಕರು ಕೂತಿದ್ದರು. ಸೋಸುಗಾರ್ತಿ ನಿಂತೇ ಹೇಳಿದಳು. ಕಣಜದಲ್ಲಿ ಮಾಡಿದ್ದನ್ನೂ ಮುಚ್ಚಿಡದೆ ಹೇಳಿದಳು. ಬಂದವನು ಬಾಯಿಗೆ ಬಂದ ಹೆಸರು ಹೇಳಬಹುದು, ಆ ಹೆಸರೇ ಅಪ್ಪಣೆಯಾಗುತ್ತದೆ, ಸಾಲು ತಿದ್ದಬೇಕು ಎಂದಳು. ಹಿರೀಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ದೊಡ್ಡವನು ಮೆಲ್ಲಗೆ ನಕ್ಕ.

"ನೋಡಮ್ಮ, ತೆರೆ ಅಂತ ಮಕ್ಕಳಿಗೆ ಯಾರು ಹೆಸರಿಡ್ತಾರೆ?"

"ಯಾರೂ ಇಡಲ್ಲ ಯಜಮಾನರೇ. ಸುಳ್ಳು ಹೇಳೋನು ಹೇಳ್ತಾನೆ."

"ನಮ್ಮ ಊರಲ್ಲಿ ಸುಳ್ಳು ಹೇಳೋರು ಯಾರಿದ್ದಾರೆ? ಇಷ್ಟು ತಲೆಮಾರಿನಲ್ಲಿ ಒಬ್ಬನಾದ್ರೂ ಹೇಳಿದ್ದಾನಾ? ನೀನೊಬ್ಬಳು ಹೇಳಿದೆ, ಇವತ್ತು."

ಜಗುಲಿಯ ಮೇಲೆಲ್ಲ ನಗು ಹರಡಿತು. ಅವಳು ಹಲ್ಲು ಕಚ್ಚಿ ನಿಂತಳು. "ನಕ್ಕಿದ್ದು ಮುಗೀತಾ?" ಅಂದಳು. "ಮುಗಿದಿದ್ರೆ ಸಾಲು ತಿದ್ದಿಸಿ."

"ತಾಯಿಸಾಲು ಮುಟ್ಟಿದ್ರೆ ಹಾಡೆಲ್ಲ ಅಲ್ಲಾಡುತ್ತೆ ಅಂತಾರೆ ಕಟ್ಟುವವರು. ಸುಗ್ಗಿ ಬೇರೆ ಹತ್ತಿರ. ನೋಡೋಣ."

ನೋಡಿದ್ದು ಹೀಗೆ. ಹೆಬ್ಬಾಗಿಲ ಪಕ್ಕ ಒಂದು ಹಲಗೆ ನೆಡಿಸಿದರು. ಯಾರೂ ಸುಳ್ಳು ಹೆಸರು ಹೇಳತಕ್ಕದ್ದಲ್ಲ ಎಂದು ಅದರ ಮೇಲೆ ಸುಣ್ಣದಲ್ಲಿ ಬರೆಸಿದರು. ಸೋಸುಗಾರ್ತಿಯನ್ನು ಚಾವಡಿಗೆ ಕರೆಸಿ, ಊರಿನ ಮೇಲೆ ಅವಳಿಗಿರುವ ಕಾಳಜಿಯನ್ನು ಹೊಗಳಿ, ಶಾಲು ಹೊದಿಸಿದರು. ಅವಳು ಶಾಲು ಹೊದ್ದು ಮನೆಗೆ ಬರುವಷ್ಟರಲ್ಲಿ ಬಾಗಿಲು ಕಿತ್ತುಕೊಂಡು ಹೋಗಿದ್ದರು.

ಬಾಗಿಲಿಲ್ಲದ ಮನೆಯಲ್ಲಿ ಅವಳು ಬದುಕಿದಳು. ಗಾಳಿ ಬಂತು, ನಾಯಿ ಬಂತು, ದೂಳು ಬಂತು. ಮನುಷ್ಯರು ಬರಲಿಲ್ಲ. ಬೀದಿಯಲ್ಲಿ ನಿಂತು ಅವಳು ಹೋಗುವವರಿಗೆ, ಬರುವವರಿಗೆ, ಅದೇ ಮಾತು ಹೇಳಿದಳು. ಹೆಸರು ಅಪ್ಪಣೆಯಾಗುತ್ತೆ. ತೂಬಿಗೂ ಅದೇ ಸಾಲು. ಜನ ಅವಳು ಇಲ್ಲವೆಂಬಂತೆ ಅವಳಾಚೆಗೆ ನೋಡಿದರು, ಕಿಟಕಿಯಾಚೆಗೆ ನೋಡಿದ ಹಾಗೆ. ಹಿತ್ತಲ ತಟ್ಟೆಗಾಗಿ ಅವಳು ಒಮ್ಮೆಯೂ ತಗ್ಗಿನ ಕೇರಿಗೆ ಹೋಗಲಿಲ್ಲ. ಕೋಪವೇ ಅವಳಿಗೆ ಕೂಳಾಯಿತು.

ಒಬ್ಬಳು ಮಾತ್ರ ಕಟ್ಟಳೆ ಮೀರುತ್ತಿದ್ದಳು, ತಗ್ಗಿನ ಕೇರಿಯ ಕುಂಬಾರಗಿತ್ತಿ. ಗಡಿಗೆ ಮಾರಲು ಬಂದಾಗ ಹೊಸ್ತಿಲ ಮೇಲೆ ಬುಟ್ಟಿ ಇಳಿಸಿ, ಅವಳ ಕಡೆ ಬೆನ್ನು ಮಾಡಿ ಕೂತು, ಗಡಿಗೆಗಳ ಜೊತೆ ಮಾತಾಡುವವಳ ಹಾಗೆ ಮಾತಾಡುತ್ತಿದ್ದಳು. ಒಂದು ಬೆಳಿಗ್ಗೆ ಹೀಗೇ ಕೂತು ಹೇಳಿದಳು.

"ಹಳೇ ನೀರಗಂಟಿ ತೀರಿಕೊಂಡ ಅಕ್ಕ. ತೂಬು ನೋಡಿಕೊಳ್ಳೋಕೆ ಮೇಲಿನ ಹೊಳೆಯ ಸೀಮೆಯಿಂದ ಹೊಸಬನ್ನ ಕರೆಸವ್ರೆ. ಪಾಪದೋನು. ಹೆಬ್ಬಾಗಿಲಲ್ಲಿ ಹಲಗೆ ಓದಿಸಿಕೊಂಡು, ನಾನು ಜನ್ಮದಲ್ಲಿ ಸುಳ್ಳು ಹೇಳಿದೋನಲ್ಲ ಅಂತ ಕೈ ಮುಗಿದನಂತೆ. ಬಾಗಿಲು ಕೇಳ್ತು, ಇವನು ಹೆಸರು ಹೇಳಿದ. ಒಳಗೆ ಬಿಡ್ತು."

"ಏನಂತೆ ಹೆಸರು?" ಅಂದಳು ಸೋಸುಗಾರ್ತಿ.

"ಹರಿಯಪ್ಪ."

ಹೆಬ್ಬಾಗಿಲಿಗೆ ತೆರೆ ಮತ್ತು ಮುಚ್ಚು ಎಂಬೆರಡು ಮಾತು ಬಿಟ್ಟರೆ ಬೇರೆ ತಿಳಿಯದು. ಹರಿ ಎಂದರೆ ಅದಕ್ಕೇನು ಗೊತ್ತು? ತೂಬಿಗೆ ಗೊತ್ತು. ತೂಬಿಗೆ ತಿಳಿದದ್ದು ಎರಡೇ ಮಾತು, ಹರಿ ಮತ್ತು ನಿಲ್ಲು.

ಗಡಿಗೆಯ ಬುಟ್ಟಿಯನ್ನು ದಾಟಿ ಸೋಸುಗಾರ್ತಿ ಓಡಿದಳು. ಬೀದಿಯುದ್ದಕ್ಕೂ ಕೂಗಿದಳು. ತೂಬಿನ ಹತ್ತಿರ ಅವನನ್ನ ಬಿಡಬೇಡಿ, ಹೆಸರು ಹೇಳಿಸಬೇಡಿ. ಬಾಗಿಲಿಲ್ಲದವಳ ಕೂಗು. ತಲೆ ತಿರುಗಿಸಬೇಕೆನಿಸಿದವರೂ ಕತ್ತು ಗಟ್ಟಿ ಮಾಡಿಕೊಂಡರು. ಏರಿಯ ಕಾವಲಿನವರು ಅವಳು ಹತ್ತಿ ಬರುವುದನ್ನು ನೋಡಿ ಮುಖವನ್ನು ಕೆರೆಯ ಕಡೆಗೆ ತಿರುಗಿಸಿದರು. ಹಿರೀಕರು ಹಾರ ಹಿಡಿದು ನಿಂತಿದ್ದರು. ಹೊಸ ನೀರಗಂಟಿ ತೂಬಿಗೆ ಅರಿಶಿನ ಕುಂಕುಮ ಇಟ್ಟು, ತಲೆ ಬಾಗಿಸಿ ನಿಂತಿದ್ದ.

"ಯಾರು ನೀನು?" ಅಂದಿತು ತೂಬು.

"ಹರಿಯಪ್ಪ," ಅಂದ, ಸತ್ಯವಂತ.

ತೂಬು ಹರಿಯಿತು. ನೀರಿನ ಸದ್ದು ಮೊದಲು ಏರಿಯ ಹೊಟ್ಟೆಯೊಳಗಿಂದ ಬಂತು, ಆಮೇಲೆ ಕೆಳಗಿನ ಕೇರಿಯಿಂದ. ಬೆಚ್ಚಿದ ನೀರಗಂಟಿ, "ನಿಲ್ಲು," ಎಂದು ಕೂಗಿದ. "ನಿಲ್ಲು, ನಾನು ನಿನ್ನ ನೀರಗಂಟಿ, ನಾನು ಹರಿಯಪ್ಪ." ಹೆಸರಲ್ಲದ ಮಾತು ಹಾಡಿನೊಳಗೆ ಸೇರದು; ಹೆಸರು ಕೇಳಿ ತೂಬು ಇನ್ನಷ್ಟು ತೆರೆದುಕೊಂಡಿತು. ಅದು ಕೇಳುತ್ತಿಲ್ಲವೆಂದು ಅವನು ಇನ್ನೂ ಜೋರಾಗಿ ತನ್ನ ಹೆಸರು ಕೂಗಿದ. ಕೂಗಿದಷ್ಟೂ ತೂಬು ಅಗಲವಾಯಿತು. ಹಿರೀಕರು ಹಾರ ಕೈಯಲ್ಲೇ ಹಿಡಿದು, ಏನಾಗುತ್ತಿದೆ ಎಂದು ಒಬ್ಬರನ್ನೊಬ್ಬರು ಕೇಳಿದರು.

ಸೋಸುಗಾರ್ತಿ ಅವರ ನಡುವೆ ನುಗ್ಗಿ ಬಂದು ನೀರಗಂಟಿಯ ಬಾಯಿಯನ್ನು ಅಂಗೈಯಿಂದ ಬಿಗಿಯಾಗಿ ಮುಚ್ಚಿದಳು. ತೂಬಿನ ಮುಂದೆ ನಿಂತಳು.

"ಯಾರು ನೀನು?" ಅಂದಿತು ತೂಬು.

"ನಿಲ್ಲು," ಅಂದಳು. "ನನ್ನ ಹೆಸರು ನಿಲ್ಲು. ನನ್ನಪ್ಪನ ಹೆಸರು ನಿಲ್ಲು. ನನ್ನಮ್ಮನ ಹೆಸರು ನಿಲ್ಲು."

ತೂಬು ನಿಂತಿತು.

ಕೆಳಗೆ ಕೇರಿ ಇರಲಿಲ್ಲ. ಕೆಂಪು ನೀರಿತ್ತು. ನೀರಿನ ಮೇಲೆ ಸೂರಿನ ಹುಲ್ಲು, ಗಡಿಗೆ, ತೊಟ್ಟಿಲು ತೇಲುತ್ತಿದ್ದವು. ನೀರು ಇಳಿದ ಮೇಲೆ ಸತ್ತವರನ್ನು ಹೊರಗೆ ತಂದರು. ಕುಂಬಾರಗಿತ್ತಿಯ ತಾಯಿ ಗಡಿಗೆ ಸುಡುವ ಆವಿಗೆಯ ಪಕ್ಕ ಸಿಕ್ಕಳು. ಹಿರಿಯ ಸೋಸುಗಾರ ಅವನ ಮನೆಯೊಳಗೇ ಸಿಕ್ಕಿದ. ಎಣ್ಣೆ ಕುಡಿದ ಆ ಗಟ್ಟಿ ಬಾಗಿಲು ನೀರಿನ ಭಾರಕ್ಕೆ ತೆರೆದಿರಲಿಲ್ಲ. ಒಳಗಡೆಯಿಂದ ಅವನ ಉಗುರಿನ ಗೀರುಗಳಿದ್ದವು. ಸೋಸುಗಾರ್ತಿ ಆ ಗೀರುಗಳ ಮುಂದೆ ಬಹಳ ಹೊತ್ತು ನಿಂತಳು. ಅಳಬೇಕೆಂದಿತ್ತು. ಅವನ ಹೆಗಲು ಹಿಡಿದು ಅಲ್ಲಾಡಿಸಬೇಕೆಂದಿತ್ತು. ಎರಡೂ ಆಗಲಿಲ್ಲ.

ಅವಳನ್ನು ಇನ್ನೊಂದು ವಿಷಯ ಸುಡುತ್ತಿತ್ತು. ಇಷ್ಟು ಕಾಲ ಅವಳು ಕಳ್ಳನಿಗಾಗಿ ಕಾದಿದ್ದಳು. ಊರು ಮುಳುಗಿಸಲು ಕಳ್ಳನೇ ಬೇಕಾಗಲಿಲ್ಲ. ಸಾಧುವಿನ ನಾಲಿಗೆ ಸಾಕಾಯಿತು. ಆ ಮೊದಲ ನಾಲಿಗೆಯನ್ನು ಅವಳೂ ತನ್ನ ಊರಿನ ಹೂವು ಕಾಳು ಹಕ್ಕಿಗಳಲ್ಲೇ ಮುಗಿಸಿಬಿಟ್ಟಿದ್ದಳು.

ಹೆಣಗಳು ಇನ್ನೂ ಅಂಗಳದಲ್ಲಿರುವಾಗಲೇ ಚಾವಡಿಯಲ್ಲಿ ನ್ಯಾಯ ಸೇರಿತು. ನೀರಗಂಟಿಯನ್ನು ಕಂಬಕ್ಕೆ ಕಟ್ಟಿದ್ದರು. ಅವನು ಮಾತೇ ಬಿಟ್ಟಿದ್ದ. ಹೆಸರೇನು ಎಂದು ಕೇಳಿದಾಗಲೆಲ್ಲ ತಲೆಯಾಡಿಸಿ ತುಟಿ ಕಚ್ಚುತ್ತಿದ್ದ.

"ಇವನು ಅಪಶಕುನದ ಹೆಸರಿನವನು. ಇವನಿಗೆ ಗಡೀಪಾರು," ಅಂದ ದೊಡ್ಡ ಹಿರೀಕ. "ಇವಳು ಬಿರುಕಿನ ಒಡತಿ. ಬಿರುಕಿನಲ್ಲಿ ಕೈ ಹಾಕಿ ತೂಬು ನಿಲ್ಲಿಸಿದ್ದನ್ನ ನಾವೇ ಕಣ್ಣಾರೆ ಕಂಡಿದ್ದೀವಿ. ನಿಲ್ಲಿಸೋಕೆ ಬಂದವಳಿಗೆ ಹರಿಸೋಕೆ ಬರಲ್ವಾ? ಕಟ್ಟಳೆ ಪ್ರಕಾರ ಈ ಸಾವೆಲ್ಲ ಇವಳವು."

ಸೋಸುಗಾರ್ತಿಯ ಹೊಟ್ಟೆಯ ಒಲೆ ಆಗ ಒಂದು ಥರ ತಣ್ಣಗೆ ಉರಿಯಿತು. ಬಾಯಿ ತೆರೆದಳು. ಅಷ್ಟರಲ್ಲಿ ಗುಂಪಿನ ಹಿಂದಿನಿಂದ ಕುಂಬಾರಗಿತ್ತಿ ಎದ್ದು ಬಂದಳು. ಮೊಣಕೈವರೆಗೂ ಕೆಸರು.

"ಒಂದು ಮಾತು ಕೇಳ್ತೀನಿ ಯಜಮಾನರೇ. ಈ ಅಕ್ಕ ಬಿರುಕಿನ ವಿಷಯ ನಿಮಗೆ ಹೇಳಿದ್ಲಾ?"

"ಹೇಳಿದ್ಲು. ಅದಕ್ಕೇ ಬಾಗಿಲು ಕಿತ್ತದ್ದು."

"ಎಲ್ಲಿ, ಹೇಗೆ ಅಂತಾನೂ ಹೇಳಿದ್ಲಾ?"

"ಹೇಳಿದ್ಲು."

"ಹಾಗಾದ್ರೆ ನೀವೂ ಕಂಡಿರಿ. ಅವತ್ತೇ ಕಂಡಿರಿ. ಕಂಡು ನಕ್ಕಿರಿ. ಕಂಡವರೇ ಒಡೆಯರು ಅನ್ನೋ ಕಟ್ಟಳೆ ನಿಮಗಿಲ್ವಾ?"

"ಕೇಳೋದು ಬೇರೆ, ಕಾಣೋದು ಬೇರೆ," ಅಂದ ದೊಡ್ಡ ಹಿರೀಕ.

"ನನ್ನವ್ವ ಅಂಗಳದಲ್ಲಿ ಮಲಗವ್ಳೆ," ಅಂದಳು ಕುಂಬಾರಗಿತ್ತಿ. "ಬನ್ನಿ. ಅವಳಿಗೆ ಹೇಳಿ ಈ ಮಾತನ್ನ."

ತಗ್ಗಿನ ಕೇರಿಯಲ್ಲಿ ಉಳಿದಿದ್ದವರು ಎದ್ದರು. ಹಿರೀಕರ ಬೀದಿಗೆ ನಡೆದರು. ಆ ಬಾಗಿಲುಗಳು, ಯಾರು ನೀನು, ಯಾರು ನೀನು, ಎಂದು ಒಂದಾದ ಮೇಲೊಂದು ಕೇಳಿದವು. ಯಾರೂ ಹೆಸರು ಹೇಳಲಿಲ್ಲ. ಹಾರೆ ಹಾಕಿ ಚೌಕಟ್ಟಿನಿಂದ ಎಬ್ಬಿಸಿದರು. ಕೇರಿಯಲ್ಲಿ ಚಟ್ಟ ಕಟ್ಟಲು ಒಂದು ಒಣ ಬಿದಿರೂ ಉಳಿದಿರಲಿಲ್ಲ. ಹಿರೀಕರ ಬಾಗಿಲುಗಳ ಮೇಲೆ ತಮ್ಮವರನ್ನು ಮಲಗಿಸಿ ಹೊತ್ತುಕೊಂಡು ಹೋದರು. ಹಿರಿಯ ಸೋಸುಗಾರನನ್ನು ಹೊತ್ತ ಬಾಗಿಲಿಗೆ ಸೋಸುಗಾರ್ತಿಯೂ ಹೆಗಲು ಕೊಟ್ಟಳು.

ಅಂದಿನಿಂದ ಹಿರೀಕರು ಮಾತಾಡಿದರೆ ಕೇಳಿಸಿಕೊಳ್ಳುವವರಿಲ್ಲವಾಯಿತು. ಅವರದೇ ಕಟ್ಟಳೆ.

ಮಣ್ಣು ಮಾಡಿ ಬಂದವರು ಕಟ್ಟುವವರನ್ನು ಕರೆತಂದು ಏರಿಯ ಮೇಲೆ ಕೂರಿಸಿದರು. ಕಟ್ಟುವವರು ಸೋಸುಗಾರ್ತಿಯ ಮುಖ ನೋಡದೆ, ತಾಯಿಸಾಲನ್ನು ಹೇಗೆ ತಿದ್ದಬೇಕು ಎಂದು ಕೇಳಿದರು. ಅವಳಿಗೆ ಅದು ಕಣಜದ ಗೋಡೆಗೆ ಕೈಯೂರಿ ನಿಂತ ಹೊತ್ತಿನಿಂದಲೂ ಗೊತ್ತಿತ್ತು.

"ಹೆಸರು ಕೇಳು, ಹೆಸರಿನ ಮಾತು ಕೇಳಬೇಡ," ಅಂದಳು.

ಹಾಡುವವರು ಅದನ್ನು ಹಾಡಿಗೆ ಸೇರಿಸಿ ಹಾಡಿದರು. ಹಾಡು ಅಲ್ಲಾಡಲಿಲ್ಲ. ಒಂದು ಬಾಗಿಲೂ ಬೀಳಲಿಲ್ಲ. ಈಗ ತೂಬಿನ ಮುಂದೆ ನಿಂತು ಯಾರಾದರೂ ಪರೀಕ್ಷೆ ಮಾಡಬೇಕಾಗಿತ್ತು. ಎಲ್ಲರ ಕಣ್ಣೂ ಕಂಬದಿಂದ ಬಿಚ್ಚಿ ಕರೆತಂದಿದ್ದ ನೀರಗಂಟಿಯ ಮೇಲೆ ಬಿತ್ತು. ಅವನು ಹಿಂದೆ ಸರಿದ. ಬಾಯಿಯ ಮೇಲೆ ಕೈ ಇಟ್ಟುಕೊಂಡು ಕೂತುಬಿಟ್ಟ.

ಸೋಸುಗಾರ್ತಿ ಅವನ ಪಕ್ಕ ಕುಕ್ಕರಗಾಲಲ್ಲಿ ಕೂತಳು. "ನಿಮ್ಮ ಅವ್ವ ಇಟ್ಟ ಹೆಸರು," ಅಂದಳು. "ಅದರಲ್ಲಿ ಏನೂ ತಪ್ಪಿಲ್ಲ. ನಾನು ಇಲ್ಲೇ ಇರ್ತೀನಿ. ಕೆಟ್ಟರೆ ನಾನಿದ್ದೀನಿ ನಿಲ್ಲಿಸೋಕೆ."

"ಈಗ ನಿಮಗೂ ಆಗಲ್ಲವಲ್ಲಮ್ಮ," ಅಂದ ಅವನು. ಕೇರಿ ಮುಳುಗಿದ ದಿನದಿಂದ ಅವನು ಆಡಿದ ಮೊದಲ ಮಾತು. "ಆ ಬಿರುಕು ಮುಚ್ಚಿದ್ದೀರಿ."

"ಹೌದು. ಮುಚ್ಚಿದ್ದೀನಿ. ಅದಕ್ಕೇ ಹೇಳ್ತಿರೋದು, ಎದ್ದೇಳಿ."

ಅವನು ಎದ್ದ. ತೂಬಿನ ಮುಂದೆ ಹೋಗಿ ನಿಂತ.

"ಯಾರು ನೀನು?" ಅಂದಿತು ತೂಬು.

"ಹರಿಯಪ್ಪ," ಅಂದ, ಬಹಳ ಮೆಲ್ಲಗೆ. ನೀರು ಕದಲಲಿಲ್ಲ. ಇನ್ನೊಮ್ಮೆ ಹೇಳಿದ. ಕೊಕ್ಕರೆಯೊಂದು ನೀರಿನ ಅಂಚಿನಲ್ಲಿ ಹಾಗೇ ನಿಂತಿತ್ತು. ಅವನು ತೂಬಿನ ಕಲ್ಲಿಗೆ ಹಣೆ ಹಚ್ಚಿ ಗೊಳೋ ಎಂದು ಅತ್ತ. ಸುತ್ತ ನಿಂತವರೂ ಅತ್ತರು.

ಕುಂಬಾರಗಿತ್ತಿ ಅಳಲಿಲ್ಲ. ಅವಳು ಸೋಸುಗಾರ್ತಿಯ ಹತ್ತಿರ ಬಂದು ನಿಂತಳು.

"ಇಷ್ಟೇನಾ ಅಕ್ಕ?"

"ಇಷ್ಟೇ."

"ಆ ನಾಲ್ಕು ಮಾತು?"

"ಆ ನಾಲ್ಕು ಮಾತೇ."

ಕುಂಬಾರಗಿತ್ತಿ ಕೆಳಗೆ ನೋಡಿದಳು. ತಮ್ಮ ಮನೆಯಿದ್ದ ಕಡೆ ಕೆಸರು ಬಿಸಿಲಿಗೆ ಬಿರಿಯುತ್ತಿತ್ತು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಏರಿಯ ಮಣ್ಣಿನ ಮೇಲೆ ಕಾಲು ಚಾಚಿ ಕೂತಳು.

"ಮುಂದಿನ ಸಾಲು ಹೇಳು," ಅಂದಳು. "ನಾನೂ ಕೇಳ್ತೀನಿ."